ಭಾರದ ಟ್ರೇಲರ್ ಎಳೆಯಲು ಹಳೆ ಟ್ರ್ಯಾಕ್ಟರ್: ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಳೆ ಟ್ರ್ಯಾಕ್ಟರ್ ನೋಡಲು ಹೋದವರು ಮೊದಲು ಕೇಳುವುದು ಒಂದೇ ಮಾತು. "ಎಷ್ಟು ಎಚ್‌ಪಿ? ಎಷ್ಟು ಎಳೆಯುತ್ತೆ?" ನಾನೂ ಹಾಗೇ ಕೇಳಿದ್ದೆ. ಎಳೆಯುವುದರಲ್ಲಿ ಆ ಗಾಡಿ ಒಂದು ದಿನವೂ ಕೈಕೊಡಲಿಲ್ಲ. ತಡೆಯುವುದರಲ್ಲಿ ಕೈಕೊಟ್ಟಿತು.

ಆಲೂರು ಕಡೆಯ ಹೊಲದಿಂದ ಶುಂಠಿ ತರುತ್ತಿದ್ದೆವು. ಮಳೆ ಇನ್ನೂ ನಿಂತಿರಲಿಲ್ಲ. ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ದಾಟಿದ ಮೇಲೆ ಸಣ್ಣ ಏರು, ಆಮೇಲೆ ಉದ್ದನೆ ಇಳಿಜಾರು. ಹಳ್ಳದ ನೀರು ಬ್ರೇಕ್ ಒಳಗೆ ಹೋಗಿದ್ದು ನನಗೆ ಗೊತ್ತಾಗಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಎಡಗಡೆ ಹಿಡಿಯಿತು, ಬಲಗಡೆ ಹಿಡಿಯಲೇ ಇಲ್ಲ. ಗಾಡಿ ಓರೆಯಾಯಿತು. ಹಿಂದಿನಿಂದ ಟ್ರೇಲರ್ ತಳ್ಳಿಕೊಂಡು ಬಂತು. ಏನೂ ತೋಚದೆ ಸ್ಟೇರಿಂಗನ್ನು ರಸ್ತೆ ಪಕ್ಕದ ಮಣ್ಣಿನ ದರೆ ಕಡೆಗೆ ತಿರುಗಿಸಿದೆ. ಮುಂದಿನ ಚಕ್ರ ದರೆಗೆ ಹೊಕ್ಕು ಗಾಡಿ ನಿಂತಿತು. ಇನ್ನೊಂದು ಪಕ್ಕದಲ್ಲಿ ಇದ್ದದ್ದು ಕಾಫಿ ತೋಟದ ಇಳಿಜಾರು. ಮೂಟೆಗಳ ಮೇಲೆ ಇಬ್ಬರು ಆಳುಗಳು ಕೂತಿದ್ದರು. ಅದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಡಿಮೆ ದುಡ್ಡಿನಲ್ಲಿ ಒಳ್ಳೆ ಗಾಡಿ ಸಿಗುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ನೋಡುವ ಕ್ರಮ ಬೇರೆ. ಬ್ರೇಕ್ ಮೊದಲು, ಗಾಡಿಯ ತೂಕ ಆಮೇಲೆ, ಎಚ್‌ಪಿ ಕೊನೆಗೆ.

ಹೆಜ್ಜೆ 1: ನಿಮ್ಮ ಭಾರ ಎಷ್ಟು ಅಂತ ಕಾಗದದ ಮೇಲೆ ಬರೆಯಿರಿ

ಅಂದಾಜು ಬೇಡ, ಲೆಕ್ಕ ಹಾಕಿ. ಶುಂಠಿ ಮೂಟೆ 60 ಕೆಜಿ. 70 ಮೂಟೆ ಹಾಕಿದರೆ 4,200 ಕೆಜಿ. ಖಾಲಿ ಟ್ರೇಲರ್ 1,300 ಕೆಜಿ ಅಂತಿಟ್ಟುಕೊಳ್ಳಿ. ಅಲ್ಲಿಗೆ ಐದೂವರೆ ಟನ್. ಟ್ರ್ಯಾಕ್ಟರ್ ತೂಕ 2 ಟನ್ ಸೇರಿಸಿದರೆ ಏಳೂವರೆ ಟನ್.

ಈಗ ದಾರಿ ನೋಡಿ. 10 ಅಡಿ ಮುಂದೆ ಹೋದರೆ 1 ಅಡಿ ಏರುವ ದಾರಿ ನಮ್ಮ ಕಡೆ ಎಲ್ಲೆಲ್ಲೂ ಇದೆ. ಅಂಥ ಕಡೆ ಒಟ್ಟು ತೂಕದ ಹತ್ತನೇ ಒಂದು ಪಾಲು ಹಿಂದಕ್ಕೆ ಜಗ್ಗುತ್ತದೆ. ಅಂದರೆ 750 ಕೆಜಿ. ಮಣ್ಣಿನ ದಾರಿಯಲ್ಲಿ ಚಕ್ರ ಉರುಳಲು ಇನ್ನೊಂದು 350–400 ಕೆಜಿ ಬಲ ಬೇಕು. ಸುಮಾರು 1,100 ಕೆಜಿ ಆಯಿತು. ಇದನ್ನು ಗಂಟೆಗೆ 5 ಕಿಮೀ ವೇಗದಲ್ಲಿ ಎಳೆಯಲು ಚಕ್ರದ ಹತ್ತಿರ ಬೇಕಾಗುವುದು ಬರೀ 20 ಎಚ್‌ಪಿ. ಅದೇ ಏರನ್ನು 10 ಕಿಮೀ ವೇಗದಲ್ಲಿ ಹತ್ತಬೇಕಾದರೆ 40 ಎಚ್‌ಪಿ ಬೇಕು. ಅಂದರೆ ನಿಧಾನಕ್ಕೆ ಹೋಗುವವನಿಗೆ 40–45 ಎಚ್‌ಪಿ ಗಾಡಿಯೇ ಧಾರಾಳ.

ಹಾಗಾದರೆ ಏರಿನಲ್ಲಿ ಗಾಡಿ ಯಾಕೆ ನಿಲ್ಲುತ್ತದೆ? ಹಿಡಿತ ಸಾಲದೆ. ಒಣ ಟಾರ್ ರಸ್ತೆಯಲ್ಲಿ ಹಿಂದಿನ ಚಕ್ರ ತನ್ನ ಮೇಲೆ ಕೂತ ಭಾರದ ಮುಕ್ಕಾಲು ಪಾಲಿನಷ್ಟು ಬಲ ಕೊಡಬಲ್ಲದು. ನೆಂದ ಕೆಮ್ಮಣ್ಣಿನಲ್ಲಿ ಅದು ಕಾಲು ಪಾಲಿಗೆ ಇಳಿಯುತ್ತದೆ, ಹೆಚ್ಚೆಂದರೆ ಮೂರನೇ ಒಂದು ಪಾಲು. ಟ್ರೇಲರ್ ಮುಂಭಾಗದ ಭಾರವೂ ಸೇರಿ ಹಿಂದಿನ ಚಕ್ರಗಳ ಮೇಲೆ 2,000 ಕೆಜಿ ಇದೆ ಅನ್ನೋಣ. ಒಣಗಿದ್ದಾಗ 1,500 ಕೆಜಿ ಎಳೆಯುತ್ತದೆ. ನೆಂದಾಗ 500–650 ಕೆಜಿಗೇ ಚಕ್ರ ಸುಮ್ನೆ ತಿರುಗಲು ಶುರುವಾಗುತ್ತದೆ. ಆಗ 45ರ ಬದಲು 55 ಎಚ್‌ಪಿ ಇದ್ದರೂ ಅದೇ ಕತೆ. ಇಳಿಯುವಾಗಲೂ ಇದೇ ಲೆಕ್ಕ. ಹಿಡಿತ ಇಲ್ಲದ ಕಡೆ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಚಕ್ರ ಜಾರುತ್ತದೆ.

ಹೆಜ್ಜೆ 2: ನಿಮ್ಮ ನೆಲಕ್ಕೆ ತಕ್ಕ ಗಾಡಿ

ಚನ್ನರಾಯಪಟ್ಟಣ, ಅರಸೀಕೆರೆ, ಕಡೂರು ಕಡೆ ನೆಲ ಹೆಚ್ಚುಕಡಿಮೆ ಮಟ್ಟ. ಕಬ್ಬು, ತೆಂಗಿನಕಾಯಿ, ಈರುಳ್ಳಿ ಹೊಡೆಯಲು 40 ಎಚ್‌ಪಿ ಆಸುಪಾಸಿನ ಟೂ ವೀಲ್ ಡ್ರೈವ್ ಗಾಡಿ ಸಾಕು. ಸ್ವರಾಜ್ 735, ಮಹೀಂದ್ರ 475, ಮ್ಯಾಸಿ 241 ಈ ಸಾಲಿನವು. ಇವುಗಳ ಸ್ಪೇರ್ ಪಾರ್ಟ್ಸ್‌ಗೆ ದೂರ ಹೋಗಬೇಕಾಗಿಲ್ಲ. ಊರಿನ ಮೆಕ್ಯಾನಿಕ್‌ಗೂ ಇವುಗಳ ಒಳಹೊರಗು ಗೊತ್ತು.

ಹಾಸನ, ಬೇಲೂರು, ಆಲೂರು ಕಡೆ ಏರಿಳಿತ ಜಾಸ್ತಿ. ಇಲ್ಲಿ ಮಹೀಂದ್ರ 575, ಸ್ವರಾಜ್ 744 ತರದ 45–48 ಎಚ್‌ಪಿ ಗಾಡಿ ನೋಡಿ. ಎಚ್‌ಪಿಗಿಂತ ಅವುಗಳ ಮೈತೂಕ ನಿಮಗೆ ಉಪಯೋಗಕ್ಕೆ ಬರುತ್ತದೆ.

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಫೋರ್ ವೀಲ್ ಡ್ರೈವ್ ಬಗ್ಗೆ ಯೋಚಿಸಲೇಬೇಕು. ನಾಲ್ಕೂ ಚಕ್ರ ಎಳೆಯುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು. ಮುಂದಿನ ಆಕ್ಸಲ್ ಹಾಕಿಕೊಂಡು ಇಳಿದರೆ ಬ್ರೇಕ್ ಕೂಡ ನಾಲ್ಕು ಚಕ್ರಕ್ಕೂ ಹೋಗುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೇ ಆದರೂ ಶಾಫ್ಟ್ ಮೂಲಕ ಮುಂದಿನ ಚಕ್ರವನ್ನೂ ಅದು ಹಿಡಿಯುತ್ತದೆ. ಒಣ ಟಾರ್ ಮೇಲೆ ಮಾತ್ರ ಅದನ್ನು ತೆಗೆದುಬಿಡಿ, ಇಲ್ಲದಿದ್ದರೆ ಮುಂದಿನ ಟೈರ್ ಬೇಗ ಸವೆಯುತ್ತದೆ. ಫೋರ್ ವೀಲ್ ಗಾಡಿಗೆ ದುಡ್ಡು ಸಾಲದಿದ್ದರೆ ಟೂ ವೀಲ್ ತೆಗೆದುಕೊಳ್ಳಿ, ಮಳೆಗಾಲದಲ್ಲಿ ಮೂಟೆ ಕಡಿಮೆ ಮಾಡಿ. ಟ್ರಿಪ್ ಜಾಸ್ತಿ ಆಗುತ್ತದೆ, ಆಗಲಿ.

ತೋಟದಲ್ಲಿ ಹಳೆ ಜೀಪಿಗೆ ಸಣ್ಣ ಟ್ರೇಲರ್ ಕಟ್ಟುವವರಿದ್ದಾರೆ. ಒಂದು ಟನ್ ಒಳಗಿನ ಕೆಲಸಕ್ಕೆ ಸರಿ. ನಾಲ್ಕೈದು ಟನ್ನಿಗೆ ಜೀಪಾಗಲಿ ಪಿಕಪ್ಪಾಗಲಿ ಆಗುವುದಿಲ್ಲ.

ಇನ್ನೊಂದು ಮಾತು. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಆಮೇಲೆ ಬಂದ ದೊಡ್ಡ ಗಾಡಿಗಳಲ್ಲಿ ಡೀಸೆಲ್ ಪಂಪ್, ಸೆನ್ಸರ್ ಎಲ್ಲ ಎಲೆಕ್ಟ್ರಾನಿಕ್. ಹಳೇ ಪಂಪಿನ ಗಾಡಿ ತೋಟದ ನಡುವೆ ಕೆಟ್ಟರೂ ಸ್ಪ್ಯಾನರ್ ಹಿಡಿದು ಬಂದ ಮೆಕ್ಯಾನಿಕ್ ಅಲ್ಲೇ ರಿಪೇರಿ ಮಾಡುತ್ತಾನೆ. ಕಡಿಮೆ ದುಡ್ಡಿನವರಿಗೆ ಅದೇ ವಾಸಿ.

ಹೆಜ್ಜೆ 3: ದುಡ್ಡನ್ನು ಎರಡು ಪಾಲು ಮಾಡಿ

ಕೈಯಲ್ಲಿ 4 ಲಕ್ಷ ಇದ್ದರೆ 3 ಲಕ್ಷ 20 ಸಾವಿರದ ಒಳಗಿನ ಗಾಡಿ ನೋಡಿ. ಉಳಿದ 80 ಸಾವಿರ ಟೈರ್, ಕ್ಲಚ್ ಪ್ಲೇಟ್, ಬ್ರೇಕ್, ಬ್ಯಾಟರಿ, ವಿಮೆ, ಆರ್‌ಟಿಒ ಖರ್ಚಿಗೆ. ಇದ್ದದ್ದನ್ನೆಲ್ಲ ಗಾಡಿಗೇ ಸುರಿದವರು ಆಮೇಲೆ ಮಾಡುವುದು ಒಂದೇ ಕೆಲಸ: ಬ್ರೇಕ್ ರಿಪೇರಿಯನ್ನು ಮುಂದಿನ ಫಸಲಿಗೆ ಹಾಕುವುದು. ನಾನು ಮಾಡಿದ್ದೂ ಅದನ್ನೇ.

ಹೆಜ್ಜೆ 4: ಗಾಡಿ ಮೊದಲು ಏನು ಕೆಲಸ ಮಾಡಿತ್ತು?

ಮೀಟರ್‌ನಲ್ಲಿ ಎಷ್ಟು ಗಂಟೆ ಓಡಿದೆ ಅನ್ನುವುದಕ್ಕಿಂತ ಇದು ಮುಖ್ಯ. ಮೀಟರ್ ಬದಲಾಯಿಸುವುದು ಸುಲಭ. ಸವೆದ ಕಬ್ಬಿಣ ಸುಳ್ಳು ಹೇಳುವುದಿಲ್ಲ.

ಡ್ರಾಬಾರ್, ಅಂದರೆ ಟ್ರೇಲರ್ ಸಿಕ್ಕಿಸುವ ಹಿಂದಿನ ಕಬ್ಬಿಣದ ಪಟ್ಟಿ ನೋಡಿ. ಪಿನ್ ಹಾಕುವ ತೂತು ದುಂಡಗಿದ್ದರೆ ಟ್ರೇಲರ್ ಕೆಲಸ ಕಡಿಮೆ ಆಗಿದೆ. ಮೊಟ್ಟೆಯ ಆಕಾರಕ್ಕೆ ಎಳೆದುಕೊಂಡಿದ್ದರೆ ಮರಳು, ಜಲ್ಲಿ, ಇಟ್ಟಿಗೆ ಹೊಡೆದ ಗಾಡಿ ಅಂತ ಲೆಕ್ಕ. ಅದರ ಕ್ಲಚ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲ ದಣಿದಿರುತ್ತವೆ. ತೂತಿನ ಸುತ್ತ ಹೊಸ ವೆಲ್ಡಿಂಗ್ ಕಂಡರೆ ಇನ್ನೂ ಹುಷಾರು. ಕ್ಲಚ್ ಪೆಡಲ್ಲಿನ ಗೀರುಗಳು ನುಣ್ಣಗೆ ಸವೆದಿದ್ದು ಮೀಟರ್ ಮಾತ್ರ 1,500 ಗಂಟೆ ತೋರಿಸುತ್ತಿದ್ದರೆ ಮಾರುವವರ ಮಾತನ್ನು ನಂಬಬೇಡಿ.

ಗದ್ದೆಯಲ್ಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಕೆಸರು ತುಳಿದ ಗಾಡಿಯದು ಬೇರೆ ಸಮಸ್ಯೆ. ಹಿಂದಿನ ಆಕ್ಸಲ್ ಸೀಲ್ ಮೂಲಕ ನೀರು ಒಳಗೆ ಹೋಗಿರುತ್ತದೆ. ಹೌಸಿಂಗ್ (ಗೇರ್, ಹಿಂದಿನ ಆಕ್ಸಲ್ ಇರುವ ಪೆಟ್ಟಿಗೆ) ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಟೀ ತರ ಇದ್ದರೆ ನೀರು ಸೇರಿದೆ. ಉಳುಮೆಗೆ, ರೋಟವೇಟರ್‌ಗೆ ಮಾತ್ರ ಬಳಸಿದ, ಒಬ್ಬರೇ ಓಡಿಸಿದ ಗಾಡಿ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ಬಿಡಬೇಡಿ.

ಹೊಸ ಪೇಂಟ್ ಬಳಿದ ಗಾಡಿ ನೋಡಿ ಮರುಳಾಗಬೇಡಿ. ಧೂಳು ಹಿಡಿದ ಗಾಡಿಯಲ್ಲಿ ಎಲ್ಲಿ ಆಯಿಲ್ ಸೋರುತ್ತಿದೆ ಅಂತ ಕಾಣುತ್ತದೆ. ತೊಳೆದು ಬಳಿದ ಗಾಡಿಯಲ್ಲಿ ಕಾಣುವುದಿಲ್ಲ.

ಹೆಜ್ಜೆ 5: ಬೆಳಗ್ಗೆಯೇ ಹೋಗಿ, ಇಂಜಿನ್ ಮುಟ್ಟಿ ನೋಡಿ

"ಅಣ್ಣಾ, ಗಾಡಿ ಸ್ಟಾರ್ಟ್ ಮಾಡ್ಬೇಡಿ, ನಾವು ಬಂದ್ಮೇಲೇ ಮಾಡೋಣ" ಅಂತ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಇಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಆಗಲೇ ಕಷ್ಟಪಟ್ಟು ಸ್ಟಾರ್ಟ್ ಮಾಡಿಟ್ಟಿದ್ದಾರೆ. ಚಳಿಗೆ ಮೊದಲ ಸೆಲ್ಫ್ ಸ್ಟಾರ್ಟಿಗೇ ಹತ್ತಿದರೆ ಕಂಪ್ರೆಷನ್ ಚೆನ್ನಾಗಿದೆ.

ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಹೋಗಿರಬಹುದು. ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ಆಕ್ಸಿಲರೇಟರ್ ಕೊಟ್ಟಾಗ ಒಂದು ಸಲ ಕಪ್ಪು ಹೊಗೆ ಬಂದು ನಿಂತರೆ ಭಯವಿಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿ ಆದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ನೀರು ಒಳಗೆ ಹೋಗುತ್ತಿದೆ, ಇಲ್ಲವೇ ಇಂಜೆಕ್ಟರ್ ಕೆಟ್ಟಿದೆ. ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿ ಅಲ್ಲೇ ತಲೆಕೆಳಗಾಗಿ ಇಡಿ. ಅದು ಕುಣಿದು ಕೆಳಗೆ ಬಿದ್ದರೆ ರಿಂಗ್, ಲೈನರ್ ಸವೆದಿವೆ. ಇಂಜಿನ್ ಬಿಚ್ಚುವ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಕ್ಲಚ್ ನೋಡಲು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಮುಂದೆ ಯಾರೂ ನಿಂತಿರಬಾರದು. ಇಂಜಿನ್ ಆಫ್ ಆಗಬೇಕು. ಆಫ್ ಆಗದೆ ಗುರ್ರ್ ಅನ್ನುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಹೆಜ್ಜೆ 6: ಬ್ರೇಕ್

ಇದಕ್ಕೆ ಅರ್ಧ ಗಂಟೆ ಕೊಡಿ. ಮಾರುವವರು ಅವಸರ ಮಾಡಿದರೂ ಕೊಡಿ.

ಟ್ರ್ಯಾಕ್ಟರ್ ಬ್ರೇಕ್‌ನಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ: ಒಣ ಡಿಸ್ಕ್ ಮತ್ತು ಆಯಿಲ್ ಬ್ರೇಕ್. ಆಯಿಲ್ ಬ್ರೇಕಿನ ಪ್ಲೇಟ್‌ಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಹಳ್ಳದ ನೀರು, ಕೆಸರು ಅವನ್ನು ಮುಟ್ಟುವುದಿಲ್ಲ, ಬೇಗ ಕಾಯುವುದೂ ಇಲ್ಲ. ಒಣ ಬ್ರೇಕ್ ಬಯಲುಸೀಮೆಗೆ ಪರವಾಗಿಲ್ಲ. ಮಲೆನಾಡಿನ ಮಳೆಗೆ, ಹಳ್ಳ ದಾಟುವ ದಾರಿಗೆ ಆಯಿಲ್ ಬ್ರೇಕೇ ಬೇಕು. ಜಾನ್ ಡಿಯರ್ 5000 ಸಾಲಿನ ಗಾಡಿಗಳಿಗೆ ಆಯಿಲ್ ಬ್ರೇಕೇ ಬರುತ್ತದೆ. ಬೇರೆ ಕಂಪನಿಗಳಲ್ಲಿ ಒಂದೇ ಮಾಡೆಲ್‌ನಲ್ಲಿ ಎರಡೂ ಬಗೆ ಬಂದಿರುವುದುಂಟು. ಹೆಸರು ನೋಡಿ ನಂಬಬೇಡಿ, ಮೆಕ್ಯಾನಿಕ್ ಕರೆದುಕೊಂಡು ಹೋಗಿ ಕೇಳಿ. ನನ್ನ ಮೊದಲ ಗಾಡಿಯದು ಒಣ ಬ್ರೇಕ್. ಕೊಳ್ಳುವಾಗ ಆ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ.

ಎಡ ಮತ್ತು ಬಲ ಚಕ್ರಕ್ಕೆ ಬೇರೆ ಬೇರೆ ಪೆಡಲ್ ಇರುತ್ತದೆ, ಹೊಲದಲ್ಲಿ ತಿರುಗಿಸಲು ಅನುಕೂಲ ಅಂತ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸುವ ಲಾಕ್ ಹಾಕಲೇಬೇಕು. ಹಳೆ ಗಾಡಿಗಳಲ್ಲಿ ಎಷ್ಟೋ ಸಲ ಆ ಲಾಕೇ ಮುರಿದು ಹೋಗಿರುತ್ತದೆ. ಅದು ಇದೆಯಾ, ಗಟ್ಟಿಯಾಗಿ ಕೂರುತ್ತಾ ನೋಡಿ.

ಆಮೇಲೆ ಮಣ್ಣಿನ ದಾರಿಯಲ್ಲಿ, ಟ್ರೇಲರ್ ಇಲ್ಲದೆ, ಲಾಕ್ ಹಾಕಿಕೊಂಡು ಗಂಟೆಗೆ 15 ಕಿಮೀ ವೇಗದಲ್ಲಿ ಹೋಗಿ ಬ್ರೇಕ್ ಒತ್ತಿ. ಇಳಿದು ಬಂದು ನೆಲ ನೋಡಿ. ಎರಡೂ ಚಕ್ರದ ಗೀರು ಒಂದೇ ಕಡೆ ಶುರುವಾಗಿ ಒಂದೇ ಉದ್ದ ಇರಬೇಕು. ಒಂದು ಗೀರು ಮೂರು ಅಡಿ, ಇನ್ನೊಂದು ಒಂದೇ ಅಡಿ ಇದ್ದರೆ ಆ ಗಾಡಿ ಇಳಿಜಾರಿನಲ್ಲಿ ಓರೆಯಾಗುತ್ತದೆ. ಬೇಡ ಅನ್ನಿ. ಇಲ್ಲವೇ ಎರಡೂ ಕಡೆ ಬ್ರೇಕ್ ಮಾಡಿಸುವ ಖರ್ಚನ್ನು ರೇಟಿನಲ್ಲಿ ಕಡಿಮೆ ಮಾಡಿಸಿ, ಮಾಡಿಸಿದ ಮೇಲೇ ಟ್ರೇಲರ್ ಕಟ್ಟಿ.

ಹ್ಯಾಂಡ್ ಬ್ರೇಕ್ ಕೂಡ ಏರಿನಲ್ಲಿ ನಿಲ್ಲಿಸಿ ನೋಡಿ. ಗೇರ್ ನ್ಯೂಟ್ರಲ್‌ನಲ್ಲಿದ್ದಾಗ ಗಾಡಿ ಒಂದು ಇಂಚೂ ಸರಿಯಬಾರದು.

ಹೆಜ್ಜೆ 7: ಭಾರ ಹಾಕಿ ಓಡಿಸದೆ ಅಡ್ವಾನ್ಸ್ ಕೊಡಬೇಡಿ

ಖಾಲಿ ಗಾಡಿ ಎಲ್ಲವೂ ಚೆನ್ನಾಗೇ ಓಡುತ್ತದೆ. "ಗೌಡ್ರೆ, ಒಂದು ಟ್ರಿಪ್ ಗೊಬ್ಬರ ಹೊಡ್ಕೊಡ್ತೀನಿ, ಡೀಸೆಲ್ ನಂದೇ" ಅಂತ ಕೇಳಿ. ಒಳ್ಳೆ ಗಾಡಿ ಇಟ್ಟವರು ಬೇಡ ಅನ್ನುವುದಿಲ್ಲ. ಅರ್ಧ ಭಾರ ಸಾಕು.

ಏರು ಹತ್ತುವಾಗ ಮುಂದಿನ ಚಕ್ರ ಎಷ್ಟು ಹಗುರ ಆಗುತ್ತದೆ ಅಂತ ಸ್ಟೇರಿಂಗ್‌ನಲ್ಲೇ ಗೊತ್ತಾಗುತ್ತದೆ. ತೀರಾ ಹಗುರಾದರೆ ಮುಂದೆ ವೇಟ್ ಪ್ಲೇಟ್ ಬೇಕು. ಟ್ರೇಲರ್ ಹುಕ್ ಯಾವಾಗಲೂ ಡ್ರಾಬಾರ್‌ಗೇ, ಹಿಂದಿನ ಆಕ್ಸಲ್‌ಗಿಂತ ಕೆಳಗೇ ಇರಬೇಕು. ಮೇಲೆ ಟಾಪ್ ಲಿಂಕ್ (ನೇಗಿಲು ಸಿಕ್ಕಿಸುವ ಮೇಲಿನ ಕಂಬಿ) ಹತ್ತಿರ ಕಟ್ಟಿದರೆ ಏರಿನಲ್ಲಿ ಗಾಡಿಯ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಹಾರಿ ತಪ್ಪಿಸಿಕೊಳ್ಳುವಷ್ಟು ಹೊತ್ತೂ ಸಿಗುವುದಿಲ್ಲ.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಆಕ್ಸಿಲರೇಟರ್ ಬಿಡಿ, ಇಂಜಿನ್ನೇ ಗಾಡಿಯನ್ನು ಹಿಡಿಯಲಿ. ಆಗ ಗೇರ್ ಲಿವರ್ ಮೇಲೆ ಕಣ್ಣಿಡಿ. ಅದು ನಡುಗಿ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್ ಸವೆದಿದೆ. ಬೇರೆ ಎಷ್ಟೇ ಚೆನ್ನಾಗಿದ್ದರೂ ಆ ಗಾಡಿ ನಮ್ಮ ಕಡೆಗೆ ಬೇಡ. ಶಿರಾಡಿ, ಚಾರ್ಮಾಡಿಯಂಥ ಇಳಿಜಾರು ಇರಲಿ, ತೋಟದೊಳಗಿನ ಗಿರಕಿ ದಾರಿಯಲ್ಲೇ ಗೇರ್ ಹಾರಿದರೆ ಉಳಿಗಾಲವಿಲ್ಲ. ಡೀಸೆಲ್ ಉಳಿಸಲು ಬೇಕಂತಲೇ ನ್ಯೂಟ್ರಲ್ ಮಾಡಿ ಇಳಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಟಿಪ್ಪಿಂಗ್ ಟ್ರೇಲರ್ ಆದರೆ ಭಾರ ಎತ್ತಿಸಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ದೂರ ನಿಂತು ನೋಡಿ. ನಿಧಾನಕ್ಕೆ ಕುಸಿದರೆ ಸೀಲ್ ಸೋರುತ್ತಿದೆ. ಎತ್ತಿದ ಡಬ್ಬದ ಕೆಳಗೆ ಯಾರೂ ತಲೆ ಹಾಕಬಾರದು.

ಹೆಜ್ಜೆ 8: ಟೈರ್ ಮತ್ತು ತೂಕ

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನೆಲ ಹಿಡಿಯುವ ಉಬ್ಬುಪಟ್ಟಿ ಚೆನ್ನಾಗಿದ್ದರೂ ಪಕ್ಕದ ಗೋಡೆ ಬಿರುಕು ಬಿಟ್ಟಿದ್ದರೆ ಭಾರಕ್ಕೆ ತಡೆಯುವುದಿಲ್ಲ. ಹಿಂದೆ 13.6–28 ಅಥವಾ 14.9–28 ಸೈಜ್ ಇದ್ದರೆ ಟ್ರೇಲರ್ ಕೆಲಸಕ್ಕೆ ಒಳ್ಳೆಯದು. ಹೊಸ ಟೈರಿನ ಬೆಲೆಯನ್ನು ಅಂಗಡಿಯಲ್ಲಿ ಕೇಳಿಕೊಂಡೇ ಚೌಕಾಸಿಗೆ ಕೂರಿ.

ಹಿಡಿತಕ್ಕೆ ಎಲ್ಲಕ್ಕಿಂತ ಅಗ್ಗದ ಉಪಾಯ ಹಿಂದಿನ ಟೈರಿಗೆ ನೀರು ತುಂಬಿಸುವುದು. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ತಿರುಗಿಸಿ, ವಾಲ್ವ್ ಮಟ್ಟದವರೆಗೆ ನೀರು ತುಂಬಿ, ಉಳಿದ ಜಾಗಕ್ಕೆ ಗಾಳಿ ಹಾಕಬೇಕು. 13.6–28 ಟೈರ್ 150ರಿಂದ 200 ಲೀಟರ್ ನೀರು ಹಿಡಿಯುತ್ತದೆ. ಎರಡೂ ಕಡೆ ಸೇರಿ 300 ಕೆಜಿಗೂ ಜಾಸ್ತಿ ತೂಕ, ಖರ್ಚು ಹೆಚ್ಚೇನಿಲ್ಲ.

ಹೆಜ್ಜೆ 9: ಟ್ರೇಲರನ್ನೂ ಅಷ್ಟೇ ನೋಡಿ

ಹುಕ್ಕಿನ ಬಳೆ ಸವೆದು ತೆಳುವಾಗಿದೆಯಾ, ಅದರ ಬುಡದ ವೆಲ್ಡಿಂಗ್ ಬಿರುಕು ಬಿಟ್ಟಿದೆಯಾ ಅಂತ ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ಜಾಕ್ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಅಲ್ಲಾಡಿಸಿ. ಆಡಿದರೆ ಬೇರಿಂಗ್ ಹೋಗಿದೆ. ಪಿನ್‌ಗೆ ಲಾಕ್ ಇರಬೇಕು, ಜೊತೆಗೆ ಒಂದು ಗಟ್ಟಿ ಸರಪಳಿ. ಎರಡು ಚಕ್ರದ ಟ್ರೇಲರ್ ಆದರೆ ಭಾರ ಸ್ವಲ್ಪ ಮುಂದಕ್ಕೆ ಬೀಳುವಂತೆ ಜೋಡಿಸಿ. ಅದು ಡ್ರಾಬಾರ್ ಮೇಲೆ ಕೂತು ಹಿಂದಿನ ಚಕ್ರಕ್ಕೆ ಹಿಡಿತ ಕೊಡುತ್ತದೆ. ಹಿಂದೆ ಜಾಸ್ತಿಯಾದರೆ ಅದೇ ಭಾರ ಡ್ರಾಬಾರನ್ನು ಮೇಲಕ್ಕೆ ಎತ್ತುತ್ತದೆ, ಚಕ್ರ ಜಾರುತ್ತದೆ. ಹಿಂಭಾಗಕ್ಕೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಕಬ್ಬಿನ ಕಾಲದಲ್ಲಿ ರಾತ್ರಿ ರಸ್ತೆ ಬದಿ ಕತ್ತಲಲ್ಲಿ ನಿಂತ ಟ್ರೇಲರ್‌ಗೆ ಬೈಕಿನವರು ಬಂದು ಗುದ್ದುವುದು ಪ್ರತಿ ವರ್ಷ ಕೇಳುತ್ತೇವೆ, ಅಲ್ವಾ?

ಹೆಜ್ಜೆ 10: ಕಾಗದ

ಟ್ರ್ಯಾಕ್ಟರ್‌ಗೊಂದು ಆರ್‌ಸಿ, ಟ್ರೇಲರ್‌ಗೆ ಇನ್ನೊಂದು ಆರ್‌ಸಿ. ಎರಡೂ ಕೇಳಿ. ಕೆಎ 13 ಹಾಸನ, ಕೆಎ 46 ಸಕಲೇಶಪುರ, ಕೆಎ 18 ಚಿಕ್ಕಮಗಳೂರು, ಕೆಎ 66 ತರೀಕೆರೆ. ಗಾಡಿ ಎಲ್ಲಿಯದು ಅಂತ ನಂಬರ್ ನೋಡಿದರೇ ಗೊತ್ತಾಗುತ್ತದೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಮಾಲೀಕರ ವಿವರ, ವಿಮೆ, ಸಾಲ ನೋಡಿ. ಚಾಸಿ ನಂಬರ್ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೊಂದಿಸಿ. ಅಂಕಿ ಉಜ್ಜಿದ ಹಾಗೆ ಕಂಡರೆ ಅಲ್ಲಿಂದ ಹೊರಡಿ.

ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ನಮೂನೆ 35 ಬೇಕು. ಹೆಸರು ಬದಲಾಯಿಸಲು ನಮೂನೆ 29 ಮತ್ತು 30. ರಾಜ್ಯದೊಳಗಿನ ಗಾಡಿಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಬೇರೆ ರಾಜ್ಯದ ಗಾಡಿಯಾದರೆ ನಮೂನೆ 28ರ ಎನ್‌ಒಸಿ ಕೂಡ ಬೇಕು. ಬರೀ ಸ್ಟ್ಯಾಂಪ್ ಪೇಪರ್ ಮೇಲೆ ಬರೆಸಿಕೊಂಡು ಸುಮ್ಮನಾಗಬೇಡಿ.

ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಪಾಲಿಸಿಯಲ್ಲಿ ಟ್ರೇಲರ್ ನಂಬರ್ ಸೇರಿದೆಯಾ ಅಂತ ಓದಿ ನೋಡಿ. ಕೃಷಿಗೆ ಅಂತ ನೋಂದಣಿ ಆದ ಗಾಡಿಯಲ್ಲಿ ಬಾಡಿಗೆಗೆ ಜಲ್ಲಿ, ಇಟ್ಟಿಗೆ ಹೊಡೆದರೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಬಾಡಿಗೆ ಮಾಡುವುದೇ ನಿಮ್ಮ ಉದ್ದೇಶವಾದರೆ ಅದಕ್ಕೆ ತಕ್ಕ ನೋಂದಣಿ ಇರುವ ಗಾಡಿಯನ್ನೇ ಕೊಳ್ಳಿ.

ಮೂಟೆ ಮೇಲೆ, ಮಡ್‌ಗಾರ್ಡ್ ಮೇಲೆ ಆಳುಗಳನ್ನು ಕೂರಿಸಬೇಡಿ. ಆ ದಿನದ ನಂತರ ನಾನು ಕೂರಿಸಿಲ್ಲ. ಅವರಿಗೆ ಬಸ್ ಚಾರ್ಜ್ ಕೊಡುತ್ತೇನೆ, ಇಲ್ಲವೇ ಆಟೋ ಮಾಡುತ್ತೇನೆ.

ಹೆಜ್ಜೆ 11: ಮನೆಗೆ ತಂದ ಮೊದಲ ವಾರ

ಇಂಜಿನ್ ಆಯಿಲ್, ಹೌಸಿಂಗ್ ಆಯಿಲ್, ಆಯಿಲ್, ಡೀಸೆಲ್, ಏರ್ ಮೂರೂ ಫಿಲ್ಟರ್ ಬದಲಾಯಿಸಿ. ಹೌಸಿಂಗ್ ಆಯಿಲ್ ಇಳಿಸುವಾಗ ಡ್ರೈನ್ ಪ್ಲಗ್ ಬೆರಳಲ್ಲಿ ಒರೆಸಿ ನೋಡಿ. ಬೂದಿಯಂಥ ನಯವಾದ ಪುಡಿ ಇದ್ದರೆ ಮಾಮೂಲು. ಉಗುರಿಗೆ ಚುಚ್ಚುವ ಚೂರು ಸಿಕ್ಕರೆ ಗೇರ್ ಹಲ್ಲು ಮುರಿಯುತ್ತಿದೆ, ಅವತ್ತೇ ಮೆಕ್ಯಾನಿಕ್‌ಗೆ ಹೇಳಿ. ಡ್ರಾಬಾರ್ ಪಿನ್ ಹೊಸದು ಹಾಕಿ. ಬ್ರೇಕ್ ಪೆಡಲ್ ಎರಡೂ ಒಂದೇ ಮಟ್ಟಕ್ಕೆ ಇಳಿಯುವಂತೆ ಅಡ್ಜಸ್ಟ್ ಮಾಡಿಸಿ.

ಮೊದಲ ಮೂರು ಟ್ರಿಪ್ ಅರ್ಧ ಭಾರ ಮಾತ್ರ. ಇಳಿಜಾರು ಶುರುವಾಗುವ ಮುಂಚೆಯೇ ಗಾಡಿ ನಿಲ್ಲಿಸಿ, ಗೇರ್ ಇಳಿಸಿಕೊಂಡು ಹೊರಡಿ. ಜೊತೆಯಲ್ಲಿ ಒಬ್ಬರು ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು ಹಿಡಿದು ಪಕ್ಕದಲ್ಲಿ, ದರೆ ಕಡೆಯಿಂದ, ನಡೆದುಕೊಂಡು ಬರಲಿ. ಹಳ್ಳ ದಾಟಿದ ಮೇಲೆ ಮಟ್ಟದ ಜಾಗದಲ್ಲಿ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಎರಡೂ ಕಡೆ ಹಿಡಿಯುತ್ತಿದೆ ಅಂತ ಕಾಲಿಗೆ ಗೊತ್ತಾದ ಮೇಲೇ ಮುಂದೆ ಹೋಗಿ. ಮನೆಗೆ ಬಂದ ಮೇಲೆ ಟ್ರೇಲರ್ ಮತ್ತು ಟ್ರ್ಯಾಕ್ಟರಿನ ವೀಲ್ ನಟ್ಟುಗಳನ್ನು ಇನ್ನೊಂದು ಸಲ ಬಿಗಿ ಮಾಡಿ. ಹಳೆ ಗಾಡಿಯಲ್ಲಿ ಮೊದಲ ಭಾರಕ್ಕೆ ಅವು ಸಡಿಲವಾಗುವುದುಂಟು.